ಶಿವಮೊಗ್ಗದ ನಮ್ಮ ಬಡಾವಣೆ ವಾಟ್ಸಾಪ್ ಗ್ರೂಪು: ತುಂಗಾ ಹೊಳೆ ಇಳೀತಿದೆ, ವರದಿಗಾರರಿಗೆ ಯಾರು ಏನು ಕೊಡ್ತೀರಿ?

ಅಡ್ಮಿನ್: ಕರೆಂಟಿಲ್ಲ, ಟವರ್ ಬಂದು ಹೋಗ್ತಿದೆ. ನಮ್ಮ ಕಡೆ ಓಡಾಡ್ತಿರೋ ಇಬ್ಬರು ವರದಿಗಾರರಿಗೆ ಏನು ಒದಗಿಸಬಹುದು, ಇಲ್ಲಿ ಹಾಕಿ. ಕೈಮುಗಿಯೋ ಸ್ಟಿಕ್ಕರ್ ಬೇಡ.

2ನೇ ಅಡ್ಡರಸ್ತೆ: ನಮ್ಮನೆ ಇನ್ವರ್ಟರ್ ಇದೆ. 12 ವೋಲ್ಟ್, 150 ಎಎಚ್ ಬ್ಯಾಟರಿ. ಅರ್ಧ ಬಳಸಿದ್ರೂ 900 ವ್ಯಾಟ್-ಅವರ್. ಫೋನ್ ಒಂದ್ಸಲ ತುಂಬೋಕೆ 20-25, ಲ್ಯಾಪ್‌ಟಾಪಿಗೆ 60ರ ಆಸುಪಾಸು. ಫ್ಯಾನ್, ಟಿವಿ ಬಂದ್ ಇಟ್ರೆ ಎರಡು ದಿನ ಆರಾಮ. ನೀರು ನುಗ್ಗಿದ ಮನೆಯವರು ಮಾತ್ರ ಮೇನ್ ಸ್ವಿಚ್ ಮುಟ್ಟಬೇಡಿ.

4ನೇ ಅಡ್ಡರಸ್ತೆ: ಹೊಳೆ ಮೇಲ್ಗಡೆ ಗಾಜನೂರು ಡ್ಯಾಂ ಒಡೀತಂತೆ, ಆಡಿಯೋ ಬಂದಿದೆ. ಕಳಿಸ್ಲಾ?

ಮೇಷ್ಟ್ರು: ಕಳಿಸಬೇಡಿ. ಆ ಡ್ಯಾಂ ಹಿಡಿಯೋದೇ 3.24 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು). 70 ಸಾವಿರ ಕ್ಯೂಸೆಕ್ ಒಳಹರಿವು, ಅಂದ್ರೆ ಸೆಕೆಂಡಿಗೆ 70 ಸಾವಿರ ಘನ ಅಡಿ ಬಂದ್ರೆ ದಿನಕ್ಕೆ 6 ಟಿಎಂಸಿ. ತುಂಬಿದ ಮೇಲೆ ಬಂದಷ್ಟೂ ಬಿಡ್ಲೇಬೇಕು, ಅದು ಒಡೆದಿದ್ದಲ್ಲ. ವರದಿಗಾರರಿಗೆ ಬೇಕಾಗಿರೋದು ಹೀಗೆ:

'ಬೆಳಿಗ್ಗೆ 7.20. 4ನೇ ಅಡ್ಡರಸ್ತೆ ಕೊನೆ, ಹಾಲಿನ ಬೂತ್ ಎದುರು. ಮೊಣಕಾಲುದ್ದ ನೀರು. 6.30ಕ್ಕಿಂತ ಒಂದು ಗೇಣು ಇಳಿದಿದೆ. ನಾನೇ ನೋಡಿದ್ದು.'

ಹೊತ್ತು ಇಲ್ಲದಿದ್ರೆ ಬೆಳಗಿನ ಸುದ್ದಿಯೇ ಸಂಜೆವರೆಗೂ ಸುತ್ತುತ್ತೆ. ಡೇಟಾ ಸಿಗದಿದ್ರೆ ಎಸ್ಸೆಮ್ಮೆಸ್ ಮಾಡಿ, ಸಿಗ್ನಲ್ ಒಂದು ಕಡ್ಡಿ ಇದ್ರೂ ಹೋಗುತ್ತೆ. ಫೋಟೋನ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿ ಹಾಕಿ. ಮಾಮೂಲಿ ಫೋಟೋ ಆಗಿ ಹಾಕಿದ್ರೆ ಕುಗ್ಗುತ್ತೆ, ತೆಗೆದ ಹೊತ್ತು, ಜಾಗದ ಗುರುತೂ ಅಳಿಸಿಹೋಗುತ್ತೆ. ಅವರು ತಾಳೆ ನೋಡೋದು ಅದರಿಂದಲೇ.

ಮನೆ ನಂ. 41: ಹೊಳೆಯಲ್ಲಿರೋ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿದೆಯೋ ಇಲ್ವೋ ಅನ್ನೋದನ್ನೂ ಹಾಕೋಣ್ವಾ?

ಮೇಷ್ಟ್ರು: ಅದು ಊರಿಗೇ ಕಾಣುತ್ತೆ ಮೇಡಂ, ಅವರೂ ನೋಡಿರ್ತಾರೆ. ಕಾಣದೇ ಇರೋದು ನಮ್ಮ ಒಳಚರಂಡಿ, ಕುಡಿಯೋ ನೀರಿನ ಪೈಪು. ಅದನ್ನ ಬರೀರಿ.

3ನೇ ಅಡ್ಡರಸ್ತೆ: ಪೆಟ್ರೋಲಿಗೆ ದುಡ್ಡು ಸೇರಿಸಿ ಕೊಡೋಣ್ವಾ?

ಅಡ್ಮಿನ್: ಊಟ, ಟೀ, ಚಾರ್ಜಿಂಗ್ ಸಾಕು ಅಣ್ಣ. ದುಡ್ಡು ಕೊಟ್ರೆ ನಾಳೆ ನಮ್ಮ ಚರಂಡಿ ಬಗ್ಗೆ ನಿಜ ಬರೆದ್ರೂ ಯಾರೂ ನಂಬಲ್ಲ. ಬೇಕಿದ್ರೆ ಪತ್ರಿಕೆಗೆ ವರ್ಷದ ಚಂದಾ ಕಟ್ಟಿ. ಇನ್ನೊಂದು, ಕಾಣೆಯಾದವರ ಹೆಸರು, ನಂಬರು ಮನೆಯವರನ್ನ ಕೇಳದೆ ಯಾರಿಗೂ ಕೊಡಬೇಡಿ.

ಮನೆ ನಂ. 41: ಫೋನಿಲ್ಲದ ಅಜ್ಜಿಯಂದಿರಿಗೆ?

ಅಡ್ಮಿನ್: ವರದಿಗಾರರು ಖಚಿತ ಮಾಡಿದ್ದನ್ನ ಬೆಳಿಗ್ಗೆ 8, ಸಂಜೆ 5ಕ್ಕೆ ಹಾಲಿನ ಬೂತ್ ಬೋರ್ಡಿಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸೋದು. ಮೇಲ್ಗಡೆ ಹೊತ್ತು, ಕೆಳಗೆ ಜಿಲ್ಲಾಡಳಿತದ ಸಹಾಯವಾಣಿ 1077. ಹಳೇದನ್ನ ಕಿತ್ತೇ ಹೊಸದು ಹಾಕಬೇಕು.

2ನೇ ಅಡ್ಡರಸ್ತೆ: ಸ್ಕೆಚ್ ಪೆನ್ ಈ ಜಡಿಮಳೆಗೆ ನಿಲ್ಲಲ್ಲ. ಪರ್ಮನೆಂಟ್ ಮಾರ್ಕರ್, ಪ್ಲಾಸ್ಟಿಕ್ ಕವರ್ ನಾನು ತರ್ತೀನಿ.