ಪುಟ್ಟಿಯ ಪ್ರಶಸ್ತಿ ಜಗಳಕ್ಕೆ ದೊಡ್ಡಮ್ಮನ ಉತ್ತರ

ಮಗಳೇ, ನಿನ್ನೆ ರಾತ್ರಿ ಮನೆಯ ಗುಂಪಿನಲ್ಲಿ ನೀನು ಹಾಕಿದ್ದ ಪ್ರಶ್ನೆಯನ್ನು ಬೆಳಿಗ್ಗೆ ಕಾಫಿಯ ಹೊತ್ತಿಗೆ ನೋಡಿದೆ. ಶಿವಮೊಗ್ಗದ ಹಾಸ್ಟೆಲಿನಲ್ಲಿ ನಮ್ಮ ಪುಟ್ಟಿ ನಟಿಯರ ಪ್ರಶಸ್ತಿಯ ವಿಷಯಕ್ಕೆ ರೂಮಿನ ಗೆಳತಿಯೊಡನೆ ಜಗಳವಾಡಿ ಹತ್ತು ದಿನದಿಂದ ಮಾತು ಬಿಟ್ಟಿದ್ದಾಳೆ, ಊಟಕ್ಕೂ ಇಬ್ಬರೂ ಬೇರೆ ಬೇರೆ ಹೋಗುತ್ತಾರೆ, ಮೆಚ್ಚಿನ ನಟಿಗೆ ಮತ ಹಾಕಿ ಎಂದು ಬಂದ ಯಾವುದೋ ಲಿಂಕಿಗೆ ಹಣವನ್ನೂ ಕಟ್ಟಿದ್ದಾರೆ, ಮೊಬೈಲ್ ಕಿತ್ತುಕೊಳ್ಳಲೇ ಎಂದು ಕೇಳಿದ್ದೀಯ. ಟೈಪ್ ಮಾಡಿ ಮುಗಿಸುವಷ್ಟು ಸಣ್ಣ ವಿಷಯ ಇದಲ್ಲವೆಂದು ವಾಯ್ಸ್ ಮೆಸೇಜಿನಲ್ಲೇ ಹೇಳುತ್ತಿದ್ದೇನೆ, ಪೂರ್ತಿ ಕೇಳು.

ಜಗಳದ ಮೂಲ ನನಗೆ ಅರ್ಥವಾಯಿತು. 2022ರ ಚಿತ್ರಗಳಿಗೆ ಕೊಟ್ಟ 70ನೆಯ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಶ್ರೇಷ್ಠ ನಟಿಯ ಗೌರವ ‘ತಿರುಚಿಟ್ರಂಬಲಂ’ ತಮಿಳು ಚಿತ್ರಕ್ಕಾಗಿ ನಿತ್ಯಾ ಮೆನನ್ ಅವರಿಗೂ ಗುಜರಾತಿಯ ‘ಕಚ್ ಎಕ್ಸ್‌ಪ್ರೆಸ್’ಗಾಗಿ ಮಾನಸಿ ಪಾರೇಖ್ ಅವರಿಗೂ ಹಂಚಿಕೆಯಾಯಿತು. ‘ಗಾರ್ಗಿ’ಯ ಸಾಯಿ ಪಲ್ಲವಿಗೇ ಬರಬೇಕಿತ್ತು ಎಂಬುದು ಪುಟ್ಟಿಯ ವಾದ. ನಿತ್ಯಾ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವಳು, ‘ಮೈನಾ’ದಲ್ಲಿ ನಾವೇ ಕಂಡವಳು, ಬಂದದ್ದು ಸರಿಯೇ ಆಗಿದೆ ಎಂಬುದು ಆ ಹುಡುಗಿಯ ವಾದ. ಇಷ್ಟರಲ್ಲಿ ತಪ್ಪೇನೂ ಇಲ್ಲ; ಸಿನಿಮಾ ನೋಡಿದವರು ವಾದ ಮಾಡದೆ ಇನ್ನೇನು ಮಾಡುತ್ತಾರೆ? ಆದರೆ ‘ನಿನ್ನಂಥ ಹಗುರ ಹುಡುಗಿಗೆ ಹಗುರ ಪಾತ್ರವೇ ಹಿಡಿಸುತ್ತದೆ’ ಎಂದು ಪುಟ್ಟಿ ಅವಳಿಗೆ ಹೇಳಿದಳು ಎಂದು ನೀನು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ಕಾಫಿ ಸೇರಲಿಲ್ಲ. ನಟನೆಯನ್ನು ಎಷ್ಟು ಬೇಕಾದರೂ ತೂಗಲಿ, ಜರೆಯಲಿ. ಪಾತ್ರವನ್ನು ಮೆಚ್ಚಿದವಳ ನಡತೆಯನ್ನು ಮಾತ್ರ ಆ ತಕ್ಕಡಿಗೆ ಎಳೆದು ತರಬಾರದು. ಹೀಗೆ ಏಕೆ ಹೇಳುತ್ತೇನೆ ಎಂಬುದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ನಿನ್ನ ಅಮ್ಮನಿಗೂ ನಾನು ಹೇಳಿಲ್ಲ.

ನೀವೆಲ್ಲ ಕೆಳಮನೆ ಅತ್ತೆ ಎಂದು ಕರೆಯುವವಳೂ ನಾನೂ ಒಂದೇ ವರ್ಷ ಶಿವಮೊಗ್ಗದ ಕಾಲೇಜಿಗೆ ಸೇರಿದವರು. ಸೋದರಮಾವನ ಮನೆಯ ಅಟ್ಟದ ಕೋಣೆಯಲ್ಲಿ ಒಂದೇ ಚಾಪೆ, ಒಂದೇ ಲಾಟೀನು, ಇಬ್ಬರಿಗೂ ಸೇರಿ ಒಂದು ಒಳ್ಳೆಯ ಕೊಡೆ. ಆಗಿನ ನಟಿಯರಲ್ಲಿ ನಾನು ಕಲ್ಪನಾ ಕಡೆ, ಅವಳು ಜಯಂತಿ ಕಡೆ. ‘ಶರಪಂಜರ’ವನ್ನು ನಾನು ಮೂರು ಸಲ ನೋಡಿದ್ದೆ. ಬಾಣಂತಿತನದಲ್ಲಿ ಬುದ್ಧಿ ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ಗುಣವಾದವಳೆಂದು ಕೊನೆಗೂ ನಂಬುವುದೇ ಇಲ್ಲ. ಎಲ್ಲರ ಕಣ್ಣೂ ತನ್ನ ಕೈಬೆರಳಿನ ಮೇಲೇ ಇದೆ ಎಂದು ತಿಳಿದ ಹೆಂಗಸು ಹೇಗೆ ನಡೆಯುತ್ತಾಳೆ, ಹೇಗೆ ನಗುತ್ತಾಳೆ ಎಂಬುದನ್ನು ಕಲ್ಪನಾ ಮಾಡಿ ತೋರಿಸಿದಷ್ಟು ಚೆನ್ನಾಗಿ ಇನ್ನೊಬ್ಬರು ತೋರಿಸಿದ್ದನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ಕಲ್ಪನಾ ಕೂಗಾಡುತ್ತಾಳೆ, ಜಯಂತಿಗೆ ಕೂಗುವ ಅಗತ್ಯವೇ ಇಲ್ಲ ಎಂದು ಇವಳು ಹೇಳುತ್ತಿದ್ದಳು. 1973ರಲ್ಲಿ ‘ಎಡಕಲ್ಲು ಗುಡ್ಡದ ಮೇಲೆ’ ಬಂತು. ‘ಶರಪಂಜರ’ದ ಹಾಗೆ ಅದೂ ನಿರ್ದೇಶಕ ಪುಟ್ಟಣ್ಣ ಕಣಗಾಲರದ್ದೇ. ಸೈನ್ಯದಲ್ಲಿದ್ದ ಗಂಡನಿಂದ ದಾಂಪತ್ಯಸುಖ ಸಿಗದ ಮಾಧವಿ ಬೇರೊಬ್ಬ ಹುಡುಗನತ್ತ ಮನಸ್ಸು ಹೊರಳಿಸುವ ಪಾತ್ರ ಜಯಂತಿಯದು. ಆ ಕಾಲಕ್ಕೆ ಅಂಥ ಪಾತ್ರವನ್ನು ಒಪ್ಪಿಕೊಳ್ಳುವುದಕ್ಕೇ ಎದೆ ಬೇಕಿತ್ತು. ನೋಡಿ ಬಂದ ರಾತ್ರಿ ಇವಳು ಅಟ್ಟದ ಮೇಲೆ ನಿದ್ದೆ ಮಾಡದೆ, ಜಯಂತಿಯ ಕಣ್ಣು ಒಂದೊಂದು ದೃಶ್ಯದಲ್ಲಿ ಎಲ್ಲಿ ನಿಂತಿತ್ತು, ಯಾವಾಗ ತಗ್ಗಿತು ಎಂದು ಬಿಡಿಸಿ ಬಿಡಿಸಿ ಹೇಳಿದ್ದಳು. ಅಷ್ಟು ಚೆನ್ನಾಗಿ ಸಿನಿಮಾ ನೋಡಬಲ್ಲವಳು ನಮ್ಮ ವಂಶದಲ್ಲಿ ಇನ್ನೊಬ್ಬಳಿಲ್ಲ.

ಅದಾಗಿ ಎರಡು ವಾರಕ್ಕೆ ಅವಳನ್ನು ನೋಡಲು ಗಂಡಿನ ಕಡೆಯವರು ಮಾವನ ಮನೆಗೆ ಬಂದಿದ್ದರು. ಹಿರಿಯರು ಜಗುಲಿಯಲ್ಲಿ ಮಾತನಾಡುತ್ತಿದ್ದರು. ನಾವಿಬ್ಬರೂ ಅಡುಗೆಮನೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಕೊಚ್ಚುತ್ತ ಮತ್ತೆ ಅದೇ ವಾದಕ್ಕೆ ಬಿದ್ದಿದ್ದೆವು. ಈ ವರ್ಷ ಶ್ರೇಷ್ಠ ನಟಿ ಪ್ರಶಸ್ತಿ ಜಯಂತಿಗೇ ಬರುವುದು, ಬರೆದಿಟ್ಟುಕೋ ಎಂದಳು. ನನಗೆ ಎಲ್ಲಿಂದ ಸಿಟ್ಟು ಬಂತೋ, ‘ಮಾಧವಿ ಅಷ್ಟು ಹಿಡಿಸಿದ್ದಾಳೆ ಎಂದರೆ ನಿನ್ನ ಮನಸ್ಸೂ ಅದೇ ದಾರಿಯಲ್ಲಿದೆ ಎಂದಾಯಿತಲ್ಲ’ ಎಂದುಬಿಟ್ಟೆ. ಮೆಲ್ಲಗೆ ಹೇಳಿದ ಮಾತಲ್ಲ ಅದು, ಜಗುಲಿಗೆ ಕೇಳಿಸಿತು. ಜಗುಲಿಯಲ್ಲಿ ಮಾತು ನಿಂತುಹೋದದ್ದು ನಮಗೂ ಕೇಳಿಸಿತು. ಬಂದವರು ಊಟ ಮಾಡಿ ಹೋದರು, ಆಮೇಲೆ ಸುದ್ದಿ ಕಳಿಸಲಿಲ್ಲ. ಹುಡುಗಿಗೆ ಸಿನಿಮಾ ಹುಚ್ಚು, ಅದೂ ಎಂಥ ಸಿನಿಮಾ ಎಂಬ ಮಾತು ಅವಳ ಅಪ್ಪನ ಕಿವಿಗೆ ಬಿದ್ದು, ಎಂಟು ದಿನದೊಳಗೆ ಟ್ರಂಕು ಸಮೇತ ಅವಳನ್ನು ತೀರ್ಥಹಳ್ಳಿ ಬಸ್ಸಿಗೆ ಹತ್ತಿಸಿಕೊಂಡು ಹೋದರು. ಮೊದಲ ವರ್ಷದ ಪರೀಕ್ಷೆಗೂ ಅವಳು ಕೂರಲಿಲ್ಲ. ನಾನು ಬಿ.ಎ. ಮುಗಿಸಿದೆ, ಮೇಷ್ಟರ ಕೆಲಸ ಹಿಡಿದೆ, ಪಿಂಚಣಿ ತೆಗೆದುಕೊಳ್ಳುತ್ತಿದ್ದೇನೆ.

ಮರುವರ್ಷ ಪ್ರಶಸ್ತಿ ಪ್ರಕಟವಾದಾಗ ಅದು ಕಲ್ಪನಾಗೂ ಇಲ್ಲ, ಜಯಂತಿಗೂ ಇಲ್ಲ. 1973ರ ಊರ್ವಶಿ ಪ್ರಶಸ್ತಿ, ಅಂದರೆ ರಾಷ್ಟ್ರಮಟ್ಟದ ಶ್ರೇಷ್ಠ ನಟಿ ಪ್ರಶಸ್ತಿ, ಬಂದದ್ದು ಗಿರೀಶ ಕಾರ್ನಾಡರ ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ ಅವರಿಗೆ. ನಾವಿಬ್ಬರೂ ಅವರ ಹೆಸರನ್ನೇ ಕೇಳಿರಲಿಲ್ಲ, ಆ ಚಿತ್ರವನ್ನೂ ನೋಡಿರಲಿಲ್ಲ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ಅಟ್ಟದ ಕೋಣೆಯಲ್ಲಿ ಒಬ್ಬಳೇ ಕೂತು ನಾನು ಅತ್ತದ್ದು ಯಾರಿಗೂ ತಿಳಿಯದು.

ಈಗಲೂ ಅವಳು ಎಲ್ಲ ಕಾರ್ಯಗಳಿಗೂ ಬರುತ್ತಾಳೆ, ನನಗೆ ಕುಂಕುಮ ಕೊಡುತ್ತಾಳೆ, ಮಂಡಿನೋವು ಹೇಗಿದೆ ಎಂದು ಕೇಳುತ್ತಾಳೆ. ಆದರೆ ಐವತ್ತು ವರ್ಷದಲ್ಲಿ ನನ್ನೆದುರು ಒಂದು ಸಿನಿಮಾದ ಹೆಸರನ್ನೂ ಅವಳು ಎತ್ತಿಲ್ಲ. 1979ರ ಮೇ ತಿಂಗಳಲ್ಲಿ ಕಲ್ಪನಾ ಹೋದಾಗ, 2021ರಲ್ಲಿ ಜಯಂತಿ ಹೋದಾಗ, ಎರಡು ಸಲವೂ ನಾನು ಕೆಳಮನೆಗೆ ಇಳಿದು ಹೋಗಿದ್ದೆ. ಎರಡು ಸಲವೂ ಅವಳು ಕಾಫಿ ಕೊಟ್ಟು ತೋಟದ ವಿಷಯ ತೆಗೆದಳು. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಪುಟ್ಟಿಗೂ ಇದನ್ನು ಕೇಳಿಸು: ನಟಿಯ ಅಭಿನಯದ ಬಗ್ಗೆ ಬೆಳಗಿನತನಕ ವಾದಿಸಲಿ, ಆದರೆ ಪಾತ್ರವನ್ನು ಮೆಚ್ಚಿದವಳ ನಡತೆಗೆ ಕೈ ಹಾಕಬಾರದು.

ಹಗುರ ಪಾತ್ರ ಎಂಬ ಮಾತೇ ತಪ್ಪು. ಉಮಾಶ್ರೀ ಅವರನ್ನು ನೋಡಿ. ರಂಗದ ಮೇಲೆ ‘ಒಡಲಾಳ’ದ ಸಾಕವ್ವನಾಗಿ ಜನರ ಕರುಳು ಹಿಂಡಿದವರು ಸಿನಿಮಾದಲ್ಲಿ ಎಷ್ಟೋ ವರ್ಷ ನಮ್ಮನ್ನು ನಗಿಸುತ್ತಲೇ ಇದ್ದರು; ಆ ನಗುವಿನಲ್ಲಿ ಎಷ್ಟು ಲೆಕ್ಕಾಚಾರದ ಅಭಿನಯವಿತ್ತು ಎಂದು ಯಾರೂ ಕೇಳಲಿಲ್ಲ. 2007ರ ಸಾಲಿಗೆ ‘ಗುಲಾಬಿ ಟಾಕೀಸ್’ಗಾಗಿ ರಾಷ್ಟ್ರಪ್ರಶಸ್ತಿ ಬಂದ ಮೇಲೆಯೇ ಎಲ್ಲರೂ ತಿರುಗಿ ನೋಡಿದ್ದು. ಕುಂದಾಪುರದ ಕಡೆಯ ಮೀನುಗಾರರ ಕೇರಿಯಲ್ಲಿ ಸಿನಿಮಾ ಎಂದರೆ ಜೀವ ಬಿಡುವ ಸೂಲಗಿತ್ತಿ ಆ ಗುಲಾಬಿ. ಮನೆಗೆ ಟೀವಿ ಬಂದ ದಿನ ಅವಳ ಮುಖದಲ್ಲಿ ಕಾಣುವ ಸಂತೋಷ ಹಗುರವೋ ಭಾರವೋ ಎಂದು ಪುಟ್ಟಿ ನೋಡಿ ಹೇಳಲಿ. ಅದಕ್ಕೂ ಮೊದಲು 2004ರ ಸಾಲಿಗೆ ‘ಹಸೀನಾ’ ಚಿತ್ರಕ್ಕಾಗಿ ತಾರಾ ಅವರಿಗೆ ಬಂದಿತ್ತು. ಅದರ ಕಥೆ ಬಾನು ಮುಷ್ತಾಕ್ ಅವರದು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇದೇ ಗುಂಪಿನಲ್ಲಿ ನೀವೆಲ್ಲ ಹೂಗುಚ್ಛ ಹಾಕಿದಿರಲ್ಲ, ಅವರದೇ. ನಂದಿನಿ, ತಾರಾ, ಉಮಾಶ್ರೀ: ಕನ್ನಡ ಚಿತ್ರಕ್ಕಾಗಿ ರಾಷ್ಟ್ರಮಟ್ಟದ ಶ್ರೇಷ್ಠ ನಟಿಯಾದವರು ಈ ಮೂವರೇ. ಕಲ್ಪನಾಗೆ ಅದು ಬರಲೇ ಇಲ್ಲ, ಜಯಂತಿಗೂ ಬರಲಿಲ್ಲ. ಬಾರದ್ದರಿಂದ ಅವರ ಅಭಿನಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಇಲ್ಲಿ ನನ್ನ ಹೊಟ್ಟೆಯೊಳಗಿನ ಸಂಕಟವನ್ನೂ ಹೇಳಿಬಿಡುತ್ತೇನೆ. ‘ಸಂಸ್ಕಾರ’ ಚಿತ್ರೀಕರಣವಾದದ್ದು ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ. ‘ಘಟಶ್ರಾದ್ಧ’ದ ಕಥೆ ನಮ್ಮ ಮೇಳಿಗೆಯ ಅನಂತಮೂರ್ತಿಯವರದು, ನಿರ್ದೇಶಿಸಿದ ಗಿರೀಶ ಕಾಸರವಳ್ಳಿ ನಮ್ಮದೇ ತಾಲ್ಲೂಕಿನ ಕೆಸಲೂರಿನವರು, ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ 1977ರ ಸಾಲಿಗೆ ಅದಕ್ಕೆ ಬಂತು. ಅಂಥ ಚಿತ್ರವನ್ನು ನಾಲ್ಕು ದಿನವಾದರೂ ಹಾಕಿ ಎಂದು ನಿನ್ನ ದೊಡ್ಡಪ್ಪ ಪೇಟೆಯ ಒಂದು ಟಾಕೀಸಿಗೆ ಹೋಗಿ ಕೇಳಿದರೆ, ಅವಾರ್ಡ್ ಪಿಕ್ಚರಿಗೆ ಕಲೆಕ್ಷನ್ ಇಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದರು. ಆಮೇಲೆ ನಾವು ಹೆಗ್ಗೋಡಿನ ನೀನಾಸಮ್ ಎಂಬ ರಂಗಸಂಸ್ಥೆಗೆ ಹೋಗಿ, ಊರಿನ ರೈತರ ಜೊತೆ ಕೂತು ಅಂಥ ಚಿತ್ರಗಳನ್ನು ನೋಡಿದೆವು. ‘ಕಾಡು’ ಕೂಡ ನಾನು ನೋಡಿದ್ದು ಹಾಗೆಯೇ, ನಂದಿನಿಯವರಿಗೆ ಪ್ರಶಸ್ತಿ ಬಂದು ಎಷ್ಟೋ ವರ್ಷಗಳಾದ ಮೇಲೆ. ಗಂಡ ಇನ್ನೊಬ್ಬಳ ಮನೆಗೆ ಹೋಗುವುದನ್ನು ತಿಳಿದೂ ಒಳಗೇ ಬೇಯುವ ಆ ಹೆಂಡತಿಯನ್ನು ಕಂಡಾಗ, ಪಕ್ಕದಲ್ಲಿ ಕೆಳಮನೆಯವಳು ಇರಬೇಕಿತ್ತು ಅನ್ನಿಸಿತು. ಟಾಕೀಸಿನವರ ಮಾತು ಹಾಗಿರಲಿ. ಹೋದ ವರ್ಷ ನಮ್ಮ ಮನೆಯಲ್ಲೇ ನಾನು ‘ಗುಲಾಬಿ ಟಾಕೀಸ್’ ನೋಡುತ್ತ ಕೂತಾಗ, ಈ ಗುಂಪಿನಲ್ಲೇ ಇರುವ ಇಬ್ಬರು, ಹೆಸರು ಹೇಳುವುದಿಲ್ಲ, ಇದೇನು ಇಷ್ಟು ನಿಧಾನ ಎಂದು ಕ್ರಿಕೆಟ್ಟಿಗೆ ತಿರುಗಿಸಿದರು. ನನಗೆ ಅದು ಬಹಳ ನೋವಾಗಿದೆ. ಯಾರಿಗೆ ಬರಬೇಕಿತ್ತು ಎಂದು ಎಲ್ಲರೂ ಹೇಳುತ್ತೀರಿ, ಬಂದವರ ಚಿತ್ರವನ್ನು ಕೂತು ನೋಡುವುದಿಲ್ಲ. ಪುಟ್ಟಿಯಾದರೂ ‘ಕಚ್ ಎಕ್ಸ್‌ಪ್ರೆಸ್’ ನೋಡಿದ್ದಾಳೆಯೇ, ಕೇಳು.

ಅಯ್ಯೋ, ಆ ಲಿಂಕಿನ ವಿಷಯ ಮರೆತೇಬಿಟ್ಟಿದ್ದೆ, ಮೊದಲು ಹೇಳಬೇಕಾದದ್ದೇ ಅದು. ರಾಷ್ಟ್ರೀಯ ಪ್ರಶಸ್ತಿಗಾಗಲಿ ನಮ್ಮ ರಾಜ್ಯ ಪ್ರಶಸ್ತಿಗಾಗಲಿ ಜನರಿಂದ ಮತ ಕೇಳುವ ಪದ್ಧತಿಯೇ ಇಲ್ಲ. ಸರ್ಕಾರ ನೇಮಿಸಿದ ತೀರ್ಪುಗಾರರು ಚಿತ್ರ ನೋಡಿ ಆರಿಸುತ್ತಾರೆ. ರಾಷ್ಟ್ರೀಯ ಪ್ರಶಸ್ತಿಗೆ ಆಯಾ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರಗಳನ್ನು ಅರ್ಜಿ ಹಾಕಿ ಕಳುಹಿಸಬೇಕು. ಕಳುಹಿಸದ ಚಿತ್ರದಲ್ಲಿ ಯಾರು ಎಷ್ಟು ಚೆನ್ನಾಗಿ ಅಭಿನಯಿಸಿದ್ದರೂ ತೀರ್ಪುಗಾರರ ಮುಂದೆ ಅದು ಬರುವುದೇ ಇಲ್ಲ. ಕೆಲವು ಖಾಸಗಿ ಪ್ರಶಸ್ತಿಗಳಲ್ಲಿ ಪ್ರೇಕ್ಷಕರ ಮತ ಕೇಳುವುದುಂಟು, ಆದರೆ ರಾಷ್ಟ್ರಪ್ರಶಸ್ತಿಗೆ ಮತ ಹಾಕಿ, ಇಷ್ಟು ಹಣ ಕಟ್ಟಿ ಎಂದು ಬಂದ ಲಿಂಕ್ ಮೋಸದ್ದೇ. ಅದನ್ನು ಇನ್ನು ಮುಟ್ಟಬಾರದು, ಓಟಿಪಿಯನ್ನಾಗಲಿ ಯುಪಿಐ ಪಿನ್ನನ್ನಾಗಲಿ ಯಾರಿಗೂ ಹೇಳಬಾರದು. ಹೋದ ಹಣ ಸಣ್ಣದು ಎಂದು ಸುಮ್ಮನಿರದೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು, ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟವಾಗುತ್ತದೆ. ಹಣ ಕಟ್ಟಿದ ಸಮಯ, ರಸೀದಿಯ ಸ್ಕ್ರೀನ್‌ಶಾಟ್, ಲಿಂಕ್ ಬಂದ ನಂಬರು, ಮೂರನ್ನೂ ಅಳಿಸದೆ ಇಟ್ಟುಕೊಳ್ಳಲಿ.

ಮೊಬೈಲ್ ಕಿತ್ತುಕೊಳ್ಳಬೇಡ, ದೂರು ಕೊಡುವುದಕ್ಕೂ ಅದೇ ಬೇಕು. ಆ ಹುಡುಗಿಯೂ ಹಣ ಕಟ್ಟಿದ್ದಾಳೆ ಎಂದೆಯಲ್ಲ. ಪುಟ್ಟಿ ಈಗಲೇ ಅವಳ ಮಂಚದ ಹತ್ತಿರ ಹೋಗಿ ಕೂತು, ಮೊದಲು ಆ ಹಗುರ ಎಂಬ ಮಾತಿಗೆ ಕ್ಷಮೆ ಕೇಳಿ, ಆಮೇಲೆ ಅವಳ ದೂರನ್ನೂ ತನ್ನ ದೂರನ್ನೂ ಒಟ್ಟಿಗೆ ಬರೆಸಲಿ. ಆದ ಮೇಲೆ ನನಗೆ ಒಂದು ಫೋನ್ ಮಾಡಿಸು, ನಾನು ಮಧ್ಯಾಹ್ನ ಮಲಗುವುದಿಲ್ಲ.