ಅಪ್‌ಡೇಟ್: ಮುದ್ದೆ ತಿಂದರೂ ಶುಗರ್ ಏರುತ್ತಿದ್ದುದು ಯಾಕೆ
ಅಮ್ಮನಿಗೆ ಅನ್ನ ಬಿಡಿಸಿ ಮುದ್ದೆ ಕೊಟ್ಟರೂ ಊಟದ ನಂತರದ ಶುಗರ್ 200 ದಾಟುತ್ತಿದೆ, ಯಾಕೆ ಅಂತ ಕೇಳಿದ್ದೆ. ಕಾರಣ ಅಳತೆ. 100 ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಗಿಂತ ತುಸುವೇ ಕಡಿಮೆ. ನುಣ್ಣಗೆ ಬೀಸಿದಷ್ಟೂ ಬೇಗ ಜೀರ್ಣವಾಗುತ್ತದೆ ಬೇರೆ.

ಈಗ ಹೊತ್ತಿಗೆ 50 ಗ್ರಾಂ ಹಿಟ್ಟು ತೂಗಿಯೇ ಮುದ್ದೆ ಕಟ್ಟುವುದು. ಮೊದಲು ಪಲ್ಯ, ಹುರುಳಿಕಾಳು, ಆಮೇಲೆ ಮುದ್ದೆ. ಊಟದ ನಂತರದ ಟೆಸ್ಟಿಗೆ ಎರಡು ಗಂಟೆ ಲೆಕ್ಕ ಮೊದಲ ತುತ್ತಿನಿಂದ. ಕೈ ಸೋಪಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ ಚುಚ್ಚಬೇಕು. ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಮೀಟರ್ ಹೆಚ್ಚು ತೋರಿಸುತ್ತದೆ. ಈಗ 180ರೊಳಗೇ ಬರುತ್ತಿದೆ.

ಗ್ಲಿಮೆಪಿರೈಡ್ (ಶುಗರ್ ಇಳಿಸುವ ಮಾತ್ರೆ) ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ದಯವಿಟ್ಟು ಡಾಕ್ಟರಿಗೆ ಹೇಳದೆ ಊಟ ಇಳಿಸಬೇಡಿ, ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು.