ಮನೆಗೆ ಸಣ್ಣ ಟೆರಿಯರ್ ತರುವ ಮುನ್ನ: ಸಾಕಿದವರ ಅನುಭವಗಳು

ಪ್ರಶ್ನೆ, ವಿಜಯಪುರದಿಂದ

ನಮ್ಮದು ಮೊದಲ ಮಹಡಿಯ ಚಿಕ್ಕ ಮನೆ. 6 ಮತ್ತು 9 ವರ್ಷದ ಇಬ್ಬರು ಮಕ್ಕಳು ಹಾಗೂ ವಯಸ್ಸಾದ ಅತ್ತೆಯವರು ಜೊತೆಗಿದ್ದಾರೆ, ಮನೆಯಲ್ಲಿ ಮಾಂಸಾಹಾರವಿಲ್ಲ. ಜ್ಯಾಕ್ ರಸೆಲ್ ಅಥವಾ ಯಾರ್ಕ್‌ಶೈರ್ ಟೆರಿಯರ್ ತಳಿಯ ನಾಯಿ ತರಬೇಕೆಂದಿದ್ದೇವೆ. ಸಾಕಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಉತ್ತರ, ವಿಜಯಪುರದಿಂದಲೇ

ಅಕ್ಕನವರೇ, ನಮಸ್ಕಾರ. ನಮ್ಮ ಮನೆಯಲ್ಲಿ ಜ್ಯಾಕ್ ರಸೆಲ್ ಇದೆ. ನಾಯಿಯ ಗಾತ್ರಕ್ಕಿಂತ ಮೊದಲು, ಅದನ್ನು ಯಾವ ಕೆಲಸಕ್ಕಾಗಿ ಬೆಳೆಸಿದರು ಎಂಬುದನ್ನು ವಿಚಾರಿಸಿರಿ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್ ಅವರು, ಬೇಟೆಗಾರರೊಂದಿಗೆ ಓಡಿ, ಬಿಲ ಹೊಕ್ಕ ನರಿಯನ್ನು ಹೊರಗೆಬ್ಬಿಸಬಲ್ಲ ನಾಯಿಗಳನ್ನು ಬೆಳೆಸಿದರು. 5ರಿಂದ 8 ಕಿಲೋ ತೂಗುವ ಇಂದಿನ ಜ್ಯಾಕ್ ರಸೆಲ್‌ನಲ್ಲಿಯೂ ಅಗೆಯುವ, ಬೊಗಳುವ, ಬೆನ್ನಟ್ಟುವ ಆ ಸ್ವಭಾವ ಹಾಗೆಯೇ ಇದೆ. ದಿನಕ್ಕೆ ಒಂದು ತಾಸಾದರೂ ಓಡಾಟ ಮತ್ತು ಹುಡುಕುವ ಆಟ ಸಿಗದಿದ್ದರೆ ಅದು ಗಾದಿಯನ್ನೇ ಅಗೆಯುತ್ತದೆ. ನಾವು ರೊಟ್ಟಿಯ ತುಣುಕುಗಳನ್ನು ಹಳೆಯ ಬಟ್ಟೆಯ ಮಡಿಕೆಗಳಲ್ಲಿ ಅಡಗಿಸಿಡುತ್ತೇವೆ; ಅವನ್ನು ಮೂಸಿ ಹುಡುಕಿ ದಣಿದ ಮೇಲೆಯೇ ಅದಕ್ಕೆ ಸಮಾಧಾನ.

ನಮ್ಮೂರಿನ ಬಿಸಿಲನ್ನು ಲಘುವಾಗಿ ಎಣಿಸಬಾರದು. ನಾಯಿಯು ಮುಖ್ಯವಾಗಿ ಏದುಸಿರಿನಿಂದಲೇ ಮೈಯನ್ನು ತಂಪಾಗಿಸಿಕೊಳ್ಳುವುದರಿಂದ, 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಸೂರ್ಯ ಏರುವ ಮೊದಲು ಮತ್ತು ಡಾಂಬರು ಆರಿದ ಮೇಲೆ ಮಾತ್ರ ಹೊರಗೆ ಕರೆದೊಯ್ಯಬೇಕು. ವಿಪರೀತ ಏದುಸಿರು, ಜೊಲ್ಲು, ತೂರಾಟ ಕಂಡರೆ ಕೂಡಲೇ ಮೈಗೆ ಸಾದಾ ನೀರು ಸುರಿದು, ಫ್ಯಾನಿನ ಗಾಳಿ ಹಾಕಿ, ಪಶುವೈದ್ಯರಲ್ಲಿಗೆ ಒಯ್ಯಿರಿ.

ಇನ್ನೊಂದು ಮಾತನ್ನು ಮನೆಮಂದಿಗೆಲ್ಲ ಒತ್ತಿ ಹೇಳಿರಿ. ದ್ರಾಕ್ಷಿ ಬೆಳೆಯುವ ಜಿಲ್ಲೆ ನಮ್ಮದು. ತಿಕೋಟಾ ಕಡೆಯ ನೆಂಟರಿದ್ದರಂತೂ ಮನೆಯ ಡಬ್ಬಿಯಲ್ಲಿ ಒಣದ್ರಾಕ್ಷಿ ಇದ್ದೇ ಇರುತ್ತದೆ. ಹಸಿಯಾಗಲಿ ಒಣಗಿದ್ದಾಗಲಿ, ದ್ರಾಕ್ಷಿಯು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು, ಮತ್ತು ಇಷ್ಟು ತಿಂದರೆ ಅಪಾಯವಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲ. ಮಕ್ಕಳು ಪ್ರೀತಿಯಿಂದ ನಾಲ್ಕು ಕಾಳು ಕೊಟ್ಟರೂ, ವಾಂತಿಯಾಗುವವರೆಗೆ ಕಾಯದೆ ವೈದ್ಯರನ್ನು ಕಾಣಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕೊಲೇಟ್ ಕೂಡ ವರ್ಜ್ಯ. ಆದ್ದರಿಂದ ನಮ್ಮ ಸಾರು, ಪಲ್ಯಗಳನ್ನು ಹಾಕುವಂತಿಲ್ಲ. ಜೋಳದ ನುಚ್ಚು, ಮೊಸರು ಹೊಟ್ಟೆ ತುಂಬಿಸುತ್ತವೆಯೇ ಹೊರತು ಬೆಳೆಯುವ ಮರಿಗೆ ಬೇಕಾದ ಪ್ರೋಟೀನ್ ಅವುಗಳಿಂದ ಸಾಲದು. ಮನೆಯಲ್ಲಿ ಮಾಂಸ ಬೇಯಿಸದವರು ಮರಿಗಳಿಗೆಂದೇ ತಯಾರಿಸಿದ ಒಣ ಆಹಾರವನ್ನು ಪ್ರತ್ಯೇಕ ತಟ್ಟೆಯಲ್ಲಿ ಹಾಕಬಹುದು. ನಮ್ಮ ತಾಯಿಯವರೂ ಇದಕ್ಕೆ ಒಪ್ಪಿದ್ದಾರೆ.

ಉತ್ತರ, ಬಾಗಲಕೋಟೆಯ ನವನಗರದಿಂದ

ಮುಧೋಳದ ನಾಯಿ ನಮ್ಮ ಜಿಲ್ಲೆಯಲ್ಲೇ ಇರುವಾಗ ವಿದೇಶಿ ತಳಿ ಏಕೆ ಎಂದು ನಿಮ್ಮನ್ನು ಹಲವರು ಕೇಳುವರು. ಮುಧೋಳದ ನಾಯಿ ನನಗೂ ಅಭಿಮಾನದ ವಿಷಯ, ಆದರೆ ಬಯಲಿನಲ್ಲಿ ಮೊಲದ ಹಿಂದೆ ಓಡುವ ಆ ನಾಯಿಯನ್ನು ಮಹಡಿಯ ಮನೆಯಲ್ಲಿ ಕೂಡಿಹಾಕುವುದು ನನಗೆ ಸರಿಕಾಣುವುದಿಲ್ಲ. ಟೆರಿಯರ್ ಚಿಕ್ಕ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಅದರ ತೊಂದರೆ ಬೇರೆ. ಹೆಗ್ಗಣ, ಅಳಿಲು ಕಂಡರೆ ಅದಕ್ಕೆ ನಮ್ಮ ಕೂಗು ಕೇಳಿಸುವುದೇ ಇಲ್ಲ, ಹಾವನ್ನೂ ಕೆಣಕಲು ಹೋಗುತ್ತದೆ. ಆದ್ದರಿಂದ ಹೊರಗೆ ಹಗ್ಗ ಬಿಚ್ಚಬೇಡಿರಿ, ಬಾಲ್ಕನಿಯ ಸರಳುಗಳ ಸಂದಿಗೆ ಜಾಳಿಗೆ ಹಾಕಿಸಿರಿ. ಹೊರಗಿನಿಂದ ಬಂದಾಗಲೆಲ್ಲ ಕಿವಿಯ ಒಳಮಗ್ಗುಲು ಮತ್ತು ಬೆರಳ ಸಂದಿಗಳಲ್ಲಿ ಉಣ್ಣಿ ಹುಳುಗಳನ್ನು ಹುಡುಕಿರಿ. ಅವುಗಳಿಂದ ಬರುವ ಜ್ವರ ರಕ್ತವನ್ನೇ ಕೆಡಿಸುತ್ತದೆ. ಊಟ ಬಿಟ್ಟು, ಮಂಕಾಗಿ, ವಸಡು ಬಿಳಿಚಿಕೊಂಡರೆ ರಕ್ತಪರೀಕ್ಷೆ ಮಾಡಿಸಲು ತಡಮಾಡಬಾರದು.

ಉತ್ತರ, ಬೆಳಗಾವಿಯಿಂದ

ತಂಗಿ, ಯಾರ್ಕ್‌ಶೈರ್ ಟೆರಿಯರ್ ಕುರಿತು ನಾನು ಬರೆಯುತ್ತೇನೆ. ಸುಮಾರು 3 ಕಿಲೋ ತೂಕದ ಈ ನಾಯಿ ಅತ್ತೆಯವರಿಗೆ ಒಳ್ಳೆಯ ಜೊತೆಯಾದೀತು, ಆದರೆ 6 ವರ್ಷದ ಮಗು ಎತ್ತಿಕೊಂಡು ಕೈಜಾರಿಸಿದರೆ ಕಾಲು ಮುರಿಯಬಹುದು. ಮಕ್ಕಳು ನೆಲದ ಮೇಲೆ ಕುಳಿತೇ ಅದನ್ನು ಆಡಿಸಬೇಕು. ಇದರ ಶ್ವಾಸನಾಳ ನಾಜೂಕಾದ್ದರಿಂದ ಕೊರಳಪಟ್ಟಿಗೆ ಹಗ್ಗ ಕಟ್ಟದೆ, ಎದೆಗೆ ತೊಡಿಸುವ ಹಾರ್ನೆಸ್ ಬಳಸಿರಿ. ಉದ್ದ ಕೂದಲನ್ನು ದಿನವೂ ಬಾಚದಿದ್ದರೆ ಗಂಟುಕಟ್ಟುತ್ತದೆ, ನಮ್ಮಲ್ಲಿ ಮಳೆಗಾಲದಲ್ಲಂತೂ ಅದು ಒಣಗುವುದೇ ಇಲ್ಲ. ನಾವು ಗಿಡ್ಡವಾಗಿ ಕತ್ತರಿಸಿಬಿಡುತ್ತೇವೆ. ಹಲ್ಲುಗಳು ಬೇಗ ಹಾಳಾಗುವ ತಳಿಯಾದ್ದರಿಂದ ಮರಿಯಿದ್ದಾಗಿನಿಂದಲೇ ನಾಯಿಗಳ ಟೂತ್‌ಪೇಸ್ಟಿನಿಂದ ಉಜ್ಜುವ ರೂಢಿ ಮಾಡಿಸಿರಿ.

ಯಾವ ತಳಿಯಾದರೂ ಎರಡು ತಿಂಗಳು ತುಂಬದ ಮರಿಯನ್ನು ಕೊಳ್ಳಬೇಡಿರಿ. 2017ರ ಕೇಂದ್ರ ನಿಯಮಗಳೂ 8 ವಾರದೊಳಗಿನ ಮರಿಗಳ ಮಾರಾಟವನ್ನು ನಿಷೇಧಿಸಿವೆ. ತಾಯಿನಾಯಿಯನ್ನು ತೋರಿಸಲು ಹಿಂಜರಿಯುವವರ ಬಳಿ ವ್ಯವಹಾರ ಬೇಡ. 6ರಿಂದ 8 ವಾರಕ್ಕೆ ಆರಂಭವಾಗುವ ಲಸಿಕೆಗಳು 3–4 ವಾರಗಳ ಅಂತರದಲ್ಲಿ 16 ವಾರ ತುಂಬುವವರೆಗೆ ಮುಂದುವರಿಯಬೇಕು, ಮೂರು ತಿಂಗಳಿಗೆ ರೇಬಿಸ್ ಲಸಿಕೆಯಾಗಬೇಕು. ಅಲ್ಲಿಯವರೆಗೆ ಬೀದಿಯಲ್ಲಿ ನಡೆಸಿದರೆ ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ರೋಗದ ಭಯವಿದೆ.

ನಿಮ್ಮ ಮನೆಗೆ ನನ್ನ ಸಲಹೆಯೆಂದರೆ, ಮರಿಯ ಬದಲು ಒಂದು ವರ್ಷ ದಾಟಿದ, ಮಕ್ಕಳ ನಡುವೆಯೇ ಬೆಳೆದ ನಾಯಿ ಯಾರಾದರೂ ಕೊಡುವವರಿದ್ದರೆ ಅದನ್ನೇ ತನ್ನಿರಿ. ಸ್ವಭಾವ ಆಗಲೇ ತಿಳಿದಿರುತ್ತದೆ, ಹಲ್ಲು ಬರುವಾಗಿನ ಕಚ್ಚಾಟವೂ ಮುಗಿದಿರುತ್ತದೆ. ಕೊಡುವವರ ಮನೆಗೆ ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅರ್ಧ ದಿನವಾದರೂ ಅದರೊಂದಿಗೆ ಕಳೆದ ಮೇಲೆಯೇ ಮಾತುಕೊಡಿರಿ.